ಮರಳಿ ಕರೆದ ನಾಯಕ

ಖಾನಾಪುರದ ಬಯಲಿನಲ್ಲಿ ಬೆಳಗಾವಿಯ ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆಂದು ಭಾವಿಸೋಣ. ಸೀಮಾರೇಖೆಯ ಬಳಿ ನಿಂತ ಹುಡುಗನೊಬ್ಬನು ಬಾಗಿ ಚೆಂಡನ್ನು ಹಿಡಿಯುತ್ತಾನೆ. ಕೈಸೇರುವ ಮುನ್ನ ಅದು ಹುಲ್ಲನ್ನು ಮುಟ್ಟಿತೆಂಬುದು ಅವನೊಬ್ಬನಿಗೇ ಗೊತ್ತು. ದೂರದಲ್ಲಿದ್ದ ತೀರ್ಪುಗಾರನು ಆಗಲೇ ಬೆರಳೆತ್ತಿದ್ದಾನೆ. ಹುಡುಗನು ಸುಮ್ಮನಿದ್ದರೆ ಸುಳ್ಳು ಹೇಳಿದಂತಾಯಿತೇ? ಅವನು ಬಾಯಿಯನ್ನೇ ತೆರೆದಿಲ್ಲವಲ್ಲ!

ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಹೊರಬಯಲನ್ನು ಕಾಯುವ ವೃತ್ತಿಪರ ಆಟಗಾರರು ಇಂತಹ ಸಂದರ್ಭದಲ್ಲಿ ಕೈಗವಸನ್ನು ಮೇಲೆತ್ತಿ ತೋರಿಸುವುದುಂಟು. ನೋಡುವುದು ತೀರ್ಪುಗಾರನ ಹೊಣೆ, ಒಪ್ಪಿಕೊಳ್ಳುವುದು ತಮ್ಮ ಹೊಣೆಯಲ್ಲ ಎಂಬುದು ಅವರ ವಾದ. 2014ರಿಂದ ಅಲ್ಲಿ ಇಂತಹ ಹಿಡಿತಗಳನ್ನೂ ಚಿತ್ರಮುದ್ರಿಕೆಯಲ್ಲಿ ಮರುಪರಿಶೀಲಿಸುತ್ತಾರೆ. ಮನುಷ್ಯನ ಮಾತಿಗಿರಬೇಕಾದ ಬೆಲೆ ಯಂತ್ರಕ್ಕೆ ಸಂದಿತು.

ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್ ಅವರು 1969ರಿಂದ 1983ರವರೆಗೆ 91 ಟೆಸ್ಟ್ ಪಂದ್ಯಗಳನ್ನಾಡಿ 6,080 ಓಟಗಳನ್ನು ಗಳಿಸಿದವರು. 1980ರ ಫೆಬ್ರವರಿಯಲ್ಲಿ ಮುಂಬಯಿಯ ವಾಂಖೇಡೆ ಕ್ರೀಡಾಂಗಣದಲ್ಲಿ ಸುವರ್ಣ ಮಹೋತ್ಸವದ ಟೆಸ್ಟ್ ನಡೆದಾಗ ಭಾರತದ ನಾಯಕರು ಅವರೇ. ಇಂಗ್ಲೆಂಡ್ 58 ಓಟಗಳಿಗೆ ಐದು ವಿಕೆಟ್ ಕಳೆದುಕೊಂಡಿತ್ತು. ಅನಂತರ ಬಂದ ಬಾಬ್ ಟೇಲರ್ ಅವರನ್ನು, ವಿಕೆಟ್‌ನ ಹಿಂದೆ ಕ್ಯಾಚಿತ್ತರೆಂದು ತೀರ್ಪುಗಾರರು ಔಟೆಂದರು. ಸ್ಲಿಪ್‌ನಲ್ಲಿ ನಿಂತಿದ್ದ ವಿಶ್ವನಾಥರಿಗೆ ಚೆಂಡು ಬ್ಯಾಟಿಗೆ ತಗಲಲಿಲ್ಲವೆಂದು ತೋರಿತು. ಅವರು ಮನವಿಯನ್ನು ಹಿಂತೆಗೆದುಕೊಂಡು ಟೇಲರ್ ಅವರನ್ನು ಮರಳಿ ಕರೆದರು. ಟೇಲರ್ ಮತ್ತು ಬೋಥಂ ಜೊತೆಯಾಟದಲ್ಲಿ 171 ಓಟಗಳು ಬಂದವು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ವಿಶ್ವನಾಥರಿಗೆ ಟೆಸ್ಟ್ ನಾಯಕತ್ವ ಮತ್ತೆ ದೊರೆಯಲಿಲ್ಲ.

ಈ ಕಥೆಯನ್ನು ಹೊಗಳಿ ಮುಗಿಸುವುದು ಸುಲಭ. ಆದರೆ ಒಂದು ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಸೋಲು ವಿಶ್ವನಾಥರೊಬ್ಬರದಲ್ಲ, ಹನ್ನೊಂದು ಮಂದಿಯದು. ತನ್ನ ಹೊಲವನ್ನು ದಾನ ಮಾಡುವವನು ಉದಾರಿ. ಬಸದಿಯ ಹೊಲವನ್ನು ತನ್ನ ಇಚ್ಛೆಯಂತೆ ದಾನ ಮಾಡುವ ಧರ್ಮದರ್ಶಿಯನ್ನು ಏನೆಂದು ಕರೆಯೋಣ? ಪರರ ಸ್ವತ್ತಿನಿಂದ ಪುಣ್ಯ ಸಂಪಾದಿಸುವುದು ಧರ್ಮವಲ್ಲವೆಂಬುದನ್ನು ನಮ್ಮ ವಿಶ್ವಸ್ತ ಮಂಡಳಿಗಳಲ್ಲಿ ಕುಳಿತವರಿಗೆ ಹೇಳಬೇಕಾಗಿಲ್ಲ.

ನನಗೆ ತೋರುವುದಿಷ್ಟು: ವಿಶ್ವನಾಥರು ದಾನ ಮಾಡಲೇ ಇಲ್ಲ. ಆ ವಿಕೆಟ್ ತಂಡದ ಸ್ವತ್ತಾಗಿರಲಿಲ್ಲ, ತಪ್ಪಿ ಬಂದುದಾಗಿತ್ತು. ರವಿವಾರ ಪೇಟೆಯ ಸಗಟು ಅಂಗಡಿಯಲ್ಲಿ ಗಿರಾಕಿಯು ಎಣಿಕೆ ತಪ್ಪಿ ಐದುನೂರು ರೂಪಾಯಿ ಹೆಚ್ಚು ಕೊಟ್ಟನೆನ್ನಿ. ಪಾಲುದಾರರ ಒಪ್ಪಿಗೆ ಪಡೆದು ಹಿಂದಿರುಗಿಸುವೆನೆಂಬ ವ್ಯಾಪಾರಿಯ ಮಾತು ನ್ಯಾಯದಂತೆ ಕೇಳಿಸಿದರೂ ನ್ಯಾಯವಲ್ಲ. ಪಾಲುದಾರರಿಗೂ ಆ ಹಣದ ಮೇಲೆ ಹಕ್ಕಿಲ್ಲ. ತೀರ್ಪುಗಾರರೇ ಕೊಟ್ಟರಲ್ಲ, ಅದು ಅದತ್ತಾದಾನ ಹೇಗಾದೀತು ಎಂದು ಕೇಳಬಹುದು. ಅರಿಯದೆ ಕೊಟ್ಟುದನ್ನು ಅರಿತವನು ಇಟ್ಟುಕೊಂಡರೆ ಅದು ಕೊಟ್ಟಂತಾಗದು.

ಆದರೂ ಖಾನಾಪುರದ ಹುಡುಗನ ಸ್ಥಿತಿ ಇನ್ನೂ ಕಠಿಣ. ತೀರ್ಪುಗಾರರ ಸಮ್ಮತಿಯಿಂದ ಮನವಿಯನ್ನು ಹಿಂತೆಗೆದುಕೊಳ್ಳುವ ಅಧಿಕಾರ ನಾಯಕನಿಗುಂಟು, ಅವನಿಗಿಲ್ಲ. ಕಂಡುದನ್ನು ನಾಯಕನಿಗೆ ಹೇಳುವುದಷ್ಟೇ ಅವನ ಕೈಯಲ್ಲಿದೆ. ಹೇಳಿದ ಮೇಲೆ ಬೆಳಗಾವಿಗೆ ಮರಳುವ ಬಸ್ಸಿನಲ್ಲಿ ಸುಮಾರು 26 ಕಿಲೋಮೀಟರು ಹತ್ತು ಮಂದಿ ಅವನೊಡನೆ ಮಾತನಾಡದೆ ಕುಳಿತಿರಬಹುದು.