ಖಾಂಡವದಹನ ಮತ್ತು ಪ್ರೇಕ್ಷಕನ ಹೊಣೆ

ವಿನಾಶವನ್ನು ರಂಗದ ಮೇಲೆ ಕಂಡು ಮರುಗಿದವನು ಮನೆಗೆ ಮರಳಿ ವಿನಾಶವನ್ನು ತಡೆಯುವನೇ? ದೂರದ ಸ್ಪೇನ್ ದೇಶದಲ್ಲಿ ಇಂದಿನ ನಾಟಕಕಾರ್ತಿಯರು, ಪ್ರಕೃತಿ ಕೆಟ್ಟ ನಾಳಿನ ಭೀಕರ ಲೋಕವನ್ನು ರಂಗಕ್ಕೆ ತರುತ್ತಿದ್ದಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ನಮಗೂ ಈ ಪ್ರಶ್ನೆ ಹೊರಗಿನದಲ್ಲ. ಯಕ್ಷಗಾನದ ನಾಡಿನವರಾದ ನಾವು ಖಾಂಡವದಹನದ ಕಥೆಯನ್ನು ಬಲ್ಲೆವಷ್ಟೆ.

ಅಗ್ನಿಯ ಹಸಿವನ್ನು ತಣಿಸಲು ಕೃಷ್ಣಾರ್ಜುನರು ಅರಣ್ಯವನ್ನು ಕಾದು ನಿಲ್ಲುತ್ತಾರೆ. ಇಂದ್ರನು ಸುರಿಸಿದ ಮಳೆಯನ್ನು ಅರ್ಜುನನ ಬಾಣಗಳು ತಡೆಯುತ್ತವೆ. ವೀರರಸಕ್ಕೆ ನಾವು ತಲೆದೂಗುತ್ತೇವೆ. ಆದರೆ ಅದೇ ಕಾಡಿನಲ್ಲಿ ಜರಿತೆಯೆಂಬ ತಾಯಿಹಕ್ಕಿ, ರೆಕ್ಕೆ ಬಲಿಯದ ನಾಲ್ಕು ಮರಿಗಳ ನಡುವೆ, ಯಾವುದನ್ನು ಎತ್ತಿಕೊಂಡು ಹಾರಲಿ, ಯಾವುದನ್ನು ಬಿಡಲಿ ಎಂದು ತಳಮಳಿಸುತ್ತದೆ. ಮರಿಗಳು ಉಳಿದವು; ಕಾಡು ಉಳಿಯಲಿಲ್ಲ. ಉರಿಯಿಂದ ಪಾರಾದ ಮಯನು ಕೃತಜ್ಞತೆಯಿಂದ ಕಟ್ಟಿಕೊಟ್ಟ ಸಭೆಯಲ್ಲಿಯೇ ದುರ್ಯೋಧನನ ಮತ್ಸರ ಕೆರಳಿತು. ಅದು ದ್ಯೂತಕ್ಕೆ ದಾರಿಯಾಯಿತು. ಕಾಡನ್ನು ಸುಡಿಸಿದವನೇ ಅಣ್ಣತಮ್ಮಂದಿರೊಡನೆ ಕಾಡು ಸೇರಬೇಕಾಯಿತು!

ಇಲ್ಲಿ ಸುಟ್ಟವರು ದುಷ್ಟರಲ್ಲ. ಕೊಟ್ಟ ಮಾತನ್ನು ನಡೆಸಿದ ಸತ್ಪುರುಷರು. ನಮ್ಮ ಕಾಲದ ನಾಶವೂ ಸದುದ್ದೇಶದ ವೇಷ ತೊಟ್ಟೇ ಬರುತ್ತದೆ. ಆದುದರಿಂದ ಅದನ್ನು ಗುರುತಿಸಲು ವೀರನ ಕಣ್ಣು ಸಾಲದು, ಜರಿತೆಯ ಕಣ್ಣು ಬೇಕು.

ಆ ಕಣ್ಣು ನಮ್ಮಲ್ಲಿ ಒಮ್ಮೆ ತೆರೆದಿತ್ತು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಸುತ್ತಿನ ಸ್ತ್ರೀಪುರುಷರು ಕಳಸೆ ಕಾಡಿಗೆ ನಡೆದು, ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿಕೊಂಡರು. ಆ 'ಅಪ್ಪಿಕೋ' ಚಳವಳಿ ಪಾದಯಾತ್ರೆ, ಬೀದಿನಾಟಕ, ಜಾನಪದ ನೃತ್ಯಗಳ ಮೂಲಕ ಸಿದ್ದಾಪುರದ ಕಡೆಗೂ ಹಬ್ಬಿತು. ಯಲ್ಲಾಪುರದ ಕಡೆ ಬೇಡ್ತಿ ಹೊಳೆಗೆ ಅಣೆಕಟ್ಟು ಕಟ್ಟುವ ಯೋಜನೆಯನ್ನು ಜನರು ಪ್ರಶ್ನಿಸಿದರು. ಪ್ರೇಕ್ಷಕನು ಎದ್ದು ರಂಗವನ್ನೇರಿದ ಗಳಿಗೆಗಳವು.

ಆದರೆ ಅನ್ಯರ ಕೊಡಲಿಯನ್ನು ತಡೆದವನಿಗೆ ತನ್ನ ಕತ್ತಿಯ ವಿಚಾರ ತಪ್ಪಿದ್ದಲ್ಲ. ಇಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೂ ಸೊಪ್ಪಿನಬೆಟ್ಟದ ಸವಲತ್ತು ದೊರೆತಿದೆ. ಸೊಪ್ಪು ಕೊಯ್ಯುವ ಹಕ್ಕಿನೊಡನೆ ಬೆಟ್ಟವನ್ನು ಕಾಯುವ ಹೊಣೆಯೂ ಬಂದಿದೆಯಲ್ಲವೇ? ಎಷ್ಟು ಬೆಟ್ಟಗಳು ಹಸಿರಾಗಿವೆ, ಎಷ್ಟು ಬೋಳಾಗಿವೆ ಎಂಬುದನ್ನು ತಾವೇ ನೋಡಿ ನಿರ್ಣಯಿಸಬಹುದು.

ಭಯವು ಮನುಷ್ಯನನ್ನು ಒಂದು ರಾತ್ರಿ ಎಚ್ಚರಿಸೀತು. ಮಂಗಳಪದದೊಡನೆ ಅದು ಮುಗಿಯುತ್ತದೆ. ಹೊಣೆಯಾದರೋ ಬೆಳಗಿನೊಡನೆ ಆರಂಭವಾಗುತ್ತದೆ. ಇನ್ನೊಮ್ಮೆ ಖಾಂಡವದಹನವನ್ನು ಕಾಣುವಾಗ ಗಾಂಡೀವದ ಟೇಂಕಾರದ ನಡುವೆ ಜರಿತೆಯ ಕೂಗಿಗೂ ಕಿವಿಗೊಡಿರಿ; ಮರುದಿನ ತಮ್ಮ ಬೆಟ್ಟದ ಕಡೆ ಒಮ್ಮೆ ನಡೆದುಬನ್ನಿರಿ.