ಮುಟ್ಟುವ ಮುನ್ನ

ಅಗಡಿಯ ನಮ್ಮ ಮನೆಯಲ್ಲಿ ಮಕ್ಕಳು ಹೊಟ್ಟೆನೋವೆಂದು ಅತ್ತರೆ ಅಜ್ಜಿ ಹೊಕ್ಕುಳ ಸುತ್ತ ಇಂಗು ಹಚ್ಚುತ್ತಿದ್ದಳು. ಮೊದಲು ಅಂಗೈ ತಿಕ್ಕಿ ಬೆಚ್ಚಗೆ ಮಾಡಿಕೊಂಡು, "ಎಲ್ಲಿ ನೋಯ್ತದ ಕೂಸ, ಮುಟ್ಟಲೇನ?" ಎಂದು ಕೇಳುವುದು ಅವಳ ರೂಢಿ. ಅದರ ಬೆಲೆ ನನಗೆ ತಿಳಿದದ್ದು ಶಸ್ತ್ರಚಿಕಿತ್ಸೆ ಕಲಿಯಲು ಹೋದ ಮೇಲೆ.

ಅಪೆಂಡಿಕ್ಸ್ ನೋವು ಸಾಮಾನ್ಯವಾಗಿ ಹೊಕ್ಕುಳ ಸುತ್ತ ಶುರುವಾಗಿ, ಕೆಲವು ತಾಸುಗಳಲ್ಲಿ ಬಲಗಡೆ ಕೆಳಕ್ಕೆ ಇಳಿಯುತ್ತದೆ. ಸೊಂಟದ ಎಲುಬಿನ ಮುಂತುದಿಯಿಂದ ಹೊಕ್ಕುಳಿಗೆ ಗೆರೆ ಎಳೆದರೆ, ಎಲುಬಿನಿಂದ ಮೂರನೇ ಒಂದು ಪಾಲು ದೂರದಲ್ಲಿರುವ ಜಾಗವನ್ನು 1889ರಲ್ಲಿ ನ್ಯೂಯಾರ್ಕಿನ ವೈದ್ಯ ಮ್ಯಾಕ್‌ಬರ್ನಿ ಗುರುತಿಸಿದ. ಅಲ್ಲಿ ಒತ್ತಿ ಥಟ್ಟನೆ ಕೈ ಬಿಟ್ಟಾಗ ನೋವು ಚುಚ್ಚಿದರೆ, ಉರಿಯೂತ ಹೊಟ್ಟೆಯ ಒಳಪೊರೆಗೂ ತಾಗಿರಬಹುದೆಂದು ಅರ್ಥ.

ಒಂದು ಮುಂಜಾನೆ ವಾರ್ಡಿನಲ್ಲಿ ಬ್ಯಾಡಗಿ ಕಡೆಯ ಹೆಣ್ಣುಮಗಳೊಬ್ಬಳು ಮಲಗಿದ್ದಳು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಯವಳು. ರೋಗ ಗೊತ್ತಾಗಿತ್ತು, ಆಪರೇಷನ್ನೂ ನಿಶ್ಚಯವಾಗಿತ್ತು. ಆದರೂ ನಾವು ಏಳು ಮಂದಿ ಒಬ್ಬರಾದ ಮೇಲೊಬ್ಬರು ಒತ್ತಿದೆವು. ನಾನು ಐದನೆಯವಳು. ನನ್ನ ಕೈ ತಣ್ಣಗಿತ್ತು. ಕೈ ಬಿಟ್ಟೊಡನೆ ಅವಳು ಹಲ್ಲು ಕಚ್ಚಿ, "ಇನ್ನ ಎಷ್ಟ ಮಂದಿ ಅದೀರವ್ವಾ?" ಎಂದಳು. ಉತ್ತರಿಸದೆ ಸರಿದು ನಿಂತೆ. ಇನ್ನಿಬ್ಬರಿದ್ದರು.

ಅಂದು ಕಲಿತ ಗುರುತು ಮುಂದೆ ಎಷ್ಟೋ ರೋಗಿಗಳಲ್ಲಿ ನನಗೆ ದಾರಿ ತೋರಿಸಿದೆ. ಹಾಗಾದರೆ ಅವಳ ನೋವು ಸಾರ್ಥಕವಾಯಿತೆ? ಬಹಳ ದಿನ ನನಗೆ ನಾನೇ ಹಾಗೆ ಸಮಾಧಾನ ಹೇಳಿಕೊಂಡೆ. ಆದರೆ ಸಾರ್ಥಕವೆನ್ನುವ ಹಕ್ಕು ಕೊಟ್ಟವರದು, ಪಡೆದವರದಲ್ಲ.

2010ರಲ್ಲಿ ಬೆಳಗಾವಿಯಲ್ಲಿ ಡಾ. ಮಹಾಂತೇಶ ರಾಮಣ್ಣವರ ಅವರು ದಾನವಾಗಿ ಬಂದಿದ್ದ ತಮ್ಮ ತಂದೆಯ ದೇಹವನ್ನೇ ಛೇದಿಸಿ ಪಾಠ ಮಾಡಿದರು. ಕೇಳಿದ ಅನೇಕರು ಬೆಚ್ಚಿದರು. ನನಗೆ ಮಾತ್ರ ಅದರಲ್ಲಿ ಕ್ರೌರ್ಯ ಕಾಣಲಿಲ್ಲ. ಅದು ಆ ಹಿರಿಯರು ತಾವಾಗಿ ಬಯಸಿ ಕೊಟ್ಟ ದೇಹ. ಮೊದಲ ವರ್ಷ ನಾವು ಛೇದಿಸಿದ್ದು ವಾರಸುದಾರರಿಲ್ಲದ ದೇಹ. ಸತ್ತವನನ್ನು ನಾವು ಕೇಳುವುದಾದರೂ ಹೇಗೆ? ಆದರೆ ಬ್ಯಾಡಗಿಯ ಆ ತಾಯಿ ಕಣ್ಣು ತೆರೆದೇ ಮಲಗಿದ್ದಳಲ್ಲ!

ಕೇಳುತ್ತ ಹೋದರೆ ಎಲ್ಲರೂ ಬೇಡವೆಂದಾರು, ಕಲಿಕೆ ನಿಂತೀತು ಎನ್ನುವವರಿದ್ದಾರೆ. ಕೇಳಿ ನೋಡಿದವಳು ನಾನು. ಬಹಳ ಜನ ಹೂಂ ಎನ್ನುತ್ತಾರೆ. ಬೇಡವೆಂದಾಗ ಕೈ ಹಿಂದಕ್ಕೆ ತೆಗೆಯುವುದನ್ನೂ ವೈದ್ಯನಾದವನು ಕಲಿಯಬೇಕು.

ಈಗ ಕಿರಿಯರಿಗೆ ಹೇಳುತ್ತೇನೆ: ಅಂಗೈ ತಿಕ್ಕಿಕೊಳ್ಳಿ, ಕೇಳಿ, ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿ, ಎಷ್ಟೋ ಸಲ ಅಷ್ಟೇ ಸಾಕು. ಕಣ್ಣು ರೋಗಿಯ ಮುಖದ ಮೇಲಿರಲಿ. ಅಜ್ಜಿಗೆ ಇದನ್ನು ಯಾವ ಕಾಲೇಜೂ ಕಲಿಸಿರಲಿಲ್ಲ.