ಮೊದಲ ಕೆಲಸ ಮುಗಿದ ಮೇಲೆ

ರಾಮನಗರದ ರಾಮದೇವರ ಬೆಟ್ಟ ಹೊರಗಿನವರಿಗೆ ಇಂದಿಗೂ ‘ಶೋಲೆ’ಯ ಬೆಟ್ಟ. 1975ರಲ್ಲಿ ತೆರೆಕಂಡ ಆ ಚಿತ್ರದಲ್ಲಿ ಬಂಡೆಗಳಷ್ಟೇ ಗಟ್ಟಿಯಾಗಿ ಮನಸ್ಸಿನಲ್ಲಿ ನಿಂತದ್ದು ಸೈಡ್‌ಕಾರ್ ಕಟ್ಟಿಕೊಂಡ ಒಂದು ಬಿಎಸ್‌ಎ ಬೈಕು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯಕ್ಕೆ ದುಡಿದ ಮಾದರಿ ಅದು. ಯುದ್ಧದಲ್ಲಿ ಓಡಿದ್ದು ಗೆಳೆತನದ ಗುರುತಾಗಿ ಉಳಿಯಿತು. ಮೊದಲ ಕೆಲಸದಿಂದ ಬಿಡುಗಡೆಯಾದ ಮೇಲೆಯೇ ವಾಹನವೊಂದು ನಮಗೆ ಇಷ್ಟು ಹತ್ತಿರವಾಗುವುದೇಕೆ?

ಕ್ಯಾಲಿಫೋರ್ನಿಯಾದ ಕಡಲತೀರದಲ್ಲೂ ಇದೇ ನಡೆಯಿತು. ಅಲೆಯ ಮೇಲೆ ಹಲಗೆ ಹತ್ತಿ ಜಾರುವ ಹುಡುಗರು 1950ರ ದಶಕದಲ್ಲಿ ‘ವುಡಿ’ ಎಂಬ ಮರದ ಮೈಯ ಹಳೆಯ ಕಾರುಗಳನ್ನು ಕೊಂಡರು. ಚೆಂದಕ್ಕಲ್ಲ, ಅಗ್ಗಕ್ಕೆ. ಆ ಮರಕ್ಕೆ ಮತ್ತೆ ಮತ್ತೆ ವಾರ್ನಿಷ್ ಬೇಕು, ಇಲ್ಲದಿದ್ದರೆ ಕೊಳೆಯುತ್ತದೆ. ಉಕ್ಕಿನ ಕಾರು ಬಂದ ಮೇಲೆ ಸಂಸಾರಸ್ಥರಿಗೆ ಆ ರಗಳೆ ಬೇಡವಾಯಿತು. ಹುಡುಗರಿಗೆ ಉದ್ದದ ಹಲಗೆ ಕಾರಿನಲ್ಲಿ ಹಿಡಿದರೆ, ರಾತ್ರಿ ಒಳಗೆ ಮಲಗಲಾದರೆ ಸಾಕಿತ್ತು. ಬೇಡವಾದದ್ದನ್ನು ತಂದುಕೊಂಡವನಿಗೆ ಅದರ ಒಂದೊಂದು ಕುಂದೂ ಗೊತ್ತಾಗುತ್ತದೆ. ತಿಕ್ಕಿ, ತೇದು, ಬಣ್ಣ ಬಳಿಯುತ್ತಾ ಅವನ ಕೈ ಅದಕ್ಕೆ ಒಗ್ಗಿಹೋಗುತ್ತದೆ. ಒಲವು ಬೆಳೆಯುವುದು ಆ ಕೈಯಲ್ಲಿ ಎಂದು ನನಗನಿಸುತ್ತದೆ. ಅಲೆಗಾಗಿ ಗಂಟೆಗಟ್ಟಲೆ ಕಾಯಬಲ್ಲವರು ತಡವಾಗಿ ಸ್ಟಾರ್ಟ್ ಆಗುವ ಎಂಜಿನ್ನಿಗೂ ಕಾದರು.

ಮರದ ಕಾರು ಬೊಂಬೆಗಳ ಊರಾದ ನಮ್ಮ ಚನ್ನಪಟ್ಟಣಕ್ಕೆ ಹೊಸದಲ್ಲ. ಆಲೆ ಮರದ ತುಂಡು ಚರಕಿಯಲ್ಲಿ ತಿರುಗುವಾಗ ಅರಗಿನ ಕಡ್ಡಿ ಒತ್ತಿದರೆ, ಉಜ್ಜಾಟದ ಬಿಸಿಗೇ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಚರಕಿಗೆ ಒಲಿಯುವುದು ದುಂಡು. ಅದಕ್ಕೇ ಇರಬೇಕು, ಇಲ್ಲಿನ ಆಟದ ಕಾರುಗಳು ಇವತ್ತಿನ ಚೂಪು ಮೂತಿಯವನ್ನಲ್ಲ, ಉಬ್ಬು ಬೆನ್ನಿನ ಹಳೆಯ ಕಾರುಗಳನ್ನೇ ಹೋಲುತ್ತವೆ. ಆ ಕಾರುಗಳನ್ನು ರಸ್ತೆಯಲ್ಲಿ ಕಂಡೇ ಇರದ ಮಗುವಿನ ಕೈಗೂ ಆ ಉಬ್ಬು ಹಿತವಾಗಿ ಕೂರುತ್ತದೆ.

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೋಗುತ್ತದೆ. ಆ ಆಗಸ್ಟ್‌ನಿಂದ ಅದರ ಮುಖ್ಯ ಪಥದಲ್ಲಿ ಬೈಕಿಗೆ ಪ್ರವೇಶವಿಲ್ಲ. ‘ಶೋಲೆ’ಯ ಬೈಕು ಇಂದು ಬಂದರೂ ಪಕ್ಕದ ರಸ್ತೆಯಲ್ಲೇ ಬರಬೇಕು. ಹಳೆಯ ಹೆದ್ದಾರಿಯೂ ಈಗ ತನ್ನ ಮೊದಲ ಕೆಲಸ ಕಳೆದುಕೊಂಡಿದೆ. ಇದು ನನಗೆ ಬರೀ ಸಂಭ್ರಮದ ಮಾತಲ್ಲ. ನಿಲ್ಲಿಸಿ ಬೊಂಬೆ ಕೊಳ್ಳುತ್ತಿದ್ದ ಪ್ರಯಾಣಿಕರನ್ನು ನಂಬಿದ್ದ ಅಂಗಡಿಗಳು ಆ ರಸ್ತೆಯ ಬದಿಯಲ್ಲಿವೆ. ಬಿಡುಗಡೆಯ ಬೆಲೆಯನ್ನು ಯಾರೋ ತೆರುತ್ತಿರುತ್ತಾರೆ.

ಐವತ್ತು ದಾಟಿದ ವಾಹನಗಳಿಗೆ 2021ರ ಕೇಂದ್ರ ನಿಯಮ ‘ವಿಂಟೇಜ್’ ನೋಂದಣಿ ಕೊಟ್ಟಿತು. ಪ್ರದರ್ಶನಕ್ಕೆ, ರ‍್ಯಾಲಿಗೆ, ದುರಸ್ತಿಗೆ ಓಡಿಸಬಹುದು, ದಿನದ ಓಡಾಟಕ್ಕಿಲ್ಲ. ಗುಜರಿಗೆ ಹೋಗದೆ ಉಳಿದವೆಂಬ ಸಮಾಧಾನ ನನಗಿದೆ. ಆದರೆ ಕ್ಯಾಲಿಫೋರ್ನಿಯಾದ ಆ ಹುಡುಗರು ಪ್ರೀತಿಸಿದ್ದು ಮರಳು ಮೆತ್ತಿದ, ಉಪ್ಪುಗಾಳಿ ತಿಂದ, ನಾಳೆ ಮತ್ತೆ ಕಡಲಿಗೆ ಹೊರಡಲಿದ್ದ ಕಾರನ್ನು. ಹೊರಡುವ ಕೆಲಸವೇ ಇಲ್ಲದ ವಾಹನದ ಮೇಲೆ ಆ ಒಲವು ಎಷ್ಟು ಕಾಲ ನಿಂತೀತು?